ಪುಸ್ತಕದಲ್ಲಿದ್ದಂತೆ ಮಾಡಿದರೂ ವಿಎಂಗೆ ನೆಟ್ ಬರದಿದ್ದಾಗ: ಕೈಪಿಡಿಯ ದೋಷ ಹುಡುಕಿ ತಿದ್ದುವ ಬಗೆ

ವರ್ಚುವಲ್ ಮಷೀನಿನ (ವಿಎಂ, ಅಂದರೆ ಒಂದು ಕಂಪ್ಯೂಟರಿನೊಳಗೆ ಸಾಫ್ಟ್‌ವೇರ್ ಕಟ್ಟಿಕೊಡುವ ಇನ್ನೊಂದು ಕಂಪ್ಯೂಟರ್) ನೆಟ್‌ವರ್ಕ್ ಕೈಕೊಟ್ಟಾಗ ಮೊದಲು ಅನುಮಾನ ಬೀಳುವುದು ವಿದ್ಯಾರ್ಥಿಯ ಮೇಲೆ, ಆಮೇಲೆ ಕೇಬಲ್ ಮೇಲೆ, ಆಮೇಲೆ ಫೈರ್‌ವಾಲ್ ಮೇಲೆ. ಎದುರಿಗೆ ತೆರೆದಿಟ್ಟ ಕೈಪಿಡಿಯ ಮೇಲೆ ಅನುಮಾನ ಬರುವುದು ಎಲ್ಲಕ್ಕಿಂತ ಕೊನೆಗೆ. ಅಚ್ಚಾಗಿದ್ದು ಸರಿಯೇ ಇರಬೇಕು ಎಂಬ ನಂಬಿಕೆ ನಮ್ಮಲ್ಲಿ ಅಷ್ಟು ಗಟ್ಟಿ. ಆದರೆ ಕಾರವಾರ, ಶಿರಸಿ ಕಡೆಯ ಲ್ಯಾಬುಗಳಲ್ಲಿ ಕೈಯಿಂದ ಕೈಗೆ ಓಡಾಡುವ ಪ್ರಯೋಗ ಪುಸ್ತಕಗಳನ್ನು ಸ್ವಲ್ಪ ನೋಡಿ. ಯಾವುದೋ ಹಳೆಯ ಆವೃತ್ತಿಗೆ ಬರೆದ ಪ್ರತಿಯಿಂದ ಇನ್ನೊಂದು ಪ್ರತಿ, ಅದಕ್ಕೆ ಬೇರೆ ಸಾಫ್ಟ್‌ವೇರಿನ ನಾಲ್ಕು ಪುಟ ಸೇರಿಸಿ ಮತ್ತೊಂದು ಪ್ರತಿ, ಹೀಗೆ ಇಳಿದು ಬಂದವು ಅವು. "ಸರ್, ಪುಸ್ತಕದಲ್ಲಿ ಇದ್ದಂಗೇ ಹೊಡ್ದಿದ್ದೀವಿ, ಆದ್ರೂ ಪಿಂಗ್ ಹೋಗ್ತಾ ಇಲ್ಲ" ಎಂದು ಹುಡುಗರು ಹೇಳಿದರೆ ಆ ಮಾತನ್ನು ಸಾಕ್ಷ್ಯವೆಂದೇ ತೆಗೆದುಕೊಳ್ಳಬೇಕು. (ಪಿಂಗ್ ಎಂದರೆ ಇನ್ನೊಂದು ಯಂತ್ರ ಉತ್ತರಿಸುತ್ತದೆಯೇ ಎಂದು ನೋಡುವ ಆದೇಶ.)

ದೋಷ ಯಂತ್ರದ್ದೋ ಬರಹದ್ದೋ ಎಂದು ಹೇಗೆ ತಿಳಿಯುವುದು, ಬರಹದ್ದಾದರೆ ಯಾವ ಸಾಲಿನದು, ಆ ಸಾಲನ್ನು ಮುಂದಿನವರು ಎಡವದಂತೆ ಹೇಗೆ ತಿದ್ದುವುದು ಎಂಬುದನ್ನು ಇಲ್ಲಿ ಬರೆದಿದ್ದೇನೆ. ಉದಾಹರಣೆಗಳು ಕಾರವಾರದ ನಮ್ಮ ಲ್ಯಾಬಿನವು. ಸರ್ವರಿನಲ್ಲಿ ಉಬುಂಟು ಲಿನಕ್ಸ್ ಮತ್ತು ಕೆವಿಎಂ, ವಿದ್ಯಾರ್ಥಿಗಳ ಪಿಸಿಗಳಲ್ಲಿ ವರ್ಚುವಲ್‌ಬಾಕ್ಸ್. ಕೆವಿಎಂ, ವರ್ಚುವಲ್‌ಬಾಕ್ಸ್ ಎರಡೂ ವಿಎಂ ಓಡಿಸುವ ಸಾಫ್ಟ್‌ವೇರ್‌ಗಳು. ವಿಎಂ ಓಡಿಸುವ ಯಂತ್ರ ಹೋಸ್ಟ್, ಅದರೊಳಗಿನ ವಿಎಂ ಗೆಸ್ಟ್. ವಿಎಂಗಳಿಗೆ ಜಿಲ್ಲೆಯ ನದಿಗಳ ಹೆಸರಿಟ್ಟಿದ್ದೇವೆ: ಉತ್ತರದಿಂದ ದಕ್ಷಿಣಕ್ಕೆ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ. ವಿಎಂ-1, ವಿಎಂ-2 ಎನ್ನುವುದಕ್ಕಿಂತ ಇದು ಹುಡುಗರಿಗೆ ಬೇಗ ನೆನಪಾಗುತ್ತದೆ, ಲಾಗ್ ಓದುವಾಗಲೂ ಗೊಂದಲವಾಗುವುದಿಲ್ಲ.

ಮೊದಲ ಪರೀಕ್ಷೆ: ಹೊಸ ವಿಎಂ, ಪುಸ್ತಕದ ಸಾಲುಗಳು, ಬೇರೇನೂ ಇಲ್ಲ

ಕೆಟ್ಟಿರುವ ವಿಎಂ ಮೇಲೆ ಕೈ ಇಡಬೇಡಿ. ಅದನ್ನು ಹಾಗೇ ಬಿಟ್ಟು, ಶುದ್ಧ ಇಮೇಜಿನಿಂದ ಹೊಸದೊಂದು ವಿಎಂ ಮಾಡಿ, ಕೈಪಿಡಿಯ ಮೊದಲ ಸಾಲಿನಿಂದ ಶುರುಮಾಡಿ. ಪ್ರತಿ ಹಂತದ ನಂತರ ಒಂದು ಸ್ನ್ಯಾಪ್‌ಶಾಟ್ (ವಿಎಂನ ಆ ಕ್ಷಣದ ಸ್ಥಿತಿಯ ನಕಲು) ತೆಗೆಯಿರಿ. ಇಲ್ಲಿಯೂ ಅದೇ ಹಂತದಲ್ಲಿ ನೆಟ್ ನಿಂತರೆ ದೋಷ ಬರಹದ್ದು. ಸರಾಗವಾಗಿ ನಡೆದರೆ ದೋಷ ಆ ವಿದ್ಯಾರ್ಥಿಯ ಯಂತ್ರದ್ದು, ಕೈಪಿಡಿಯನ್ನು ಮುಟ್ಟುವ ಅಗತ್ಯವಿಲ್ಲ. ಈ ಒಂದು ಕವಲು ದಾಟದೆ ಕೈಪಿಡಿ ತಿದ್ದಲು ಹೊರಟರೆ ಸರಿಯಿದ್ದ ಸಾಲೂ ಕೆಡುತ್ತದೆ.

ಪರೀಕ್ಷೆ ಮಾಡುವವರು ಕೈಪಿಡಿ ಬರೆದವರೇ ಆಗಿರಬಾರದು. ಕುಮಟಾದಿಂದ ಶಿರಸಿಗೆ ದಾರಿ ಕೇಳಿದರೆ ದಿನಾ ಓಡಾಡುವವರು "ಸೀದಾ ಘಟ್ಟ ಹತ್ತಿ" ಎಂದು ಮುಗಿಸುತ್ತಾರೆ, ನಡುವಿನ ಕವಲುಗಳು ಅವರಿಗೆ ಕವಲೆಂದೇ ಅನ್ನಿಸುವುದಿಲ್ಲ. ಅನುಭವಸ್ಥರು ಟೈಪ್ ಮಾಡುವಾಗಲೂ ಹೀಗೇ. ಸುಡೋ (ಆದೇಶಕ್ಕೆ ನಿರ್ವಾಹಕನ ಅಧಿಕಾರ ಕೊಡುವ ಪದ) ಬಿಟ್ಟುಹೋಗಿದ್ದರೆ ತಾವೇ ಸೇರಿಸುತ್ತಾರೆ, ಇಂಟರ್‌ಫೇಸಿನ, ಅಂದರೆ ನೆಟ್‌ವರ್ಕ್ ಕಾರ್ಡಿನ, ಹೆಸರು ಬೇರೆಯಿದ್ದರೆ ಕಣ್ಣು ಮಿಟುಕಿಸುವುದರೊಳಗೆ ಬದಲಿಸುತ್ತಾರೆ. ಆಮೇಲೆ "ನನಗೆ ಬಂತಲ್ಲ" ಎನ್ನುತ್ತಾರೆ. ಅದಕ್ಕೆ ನಾವು ಮೊದಲ ವರ್ಷದ ಇಬ್ಬರನ್ನು ಕೂರಿಸುತ್ತೇವೆ. ಒಬ್ಬರು ಓದುವುದು, ಇನ್ನೊಬ್ಬರು ಟೈಪ್ ಮಾಡುವುದು. ಪಕ್ಕದಲ್ಲಿ ಒಂದು ನೋಟ್‌ಬುಕ್: ಪುಸ್ತಕ ಏನು ಬರುತ್ತದೆ ಎಂದಿತ್ತು, ಪರದೆಯ ಮೇಲೆ ಏನು ಬಂತು. ಎರಡೂ ಮೊದಲ ಬಾರಿಗೆ ಬೇರೆಯಾದ ಸಾಲನ್ನು ಗುರುತು ಹಾಕಬೇಕು. ಪಿಂಗ್ ನಿಂತ ಸಾಲಿಗಿಂತ ಅದು ಎಷ್ಟೋ ಮೇಲೆಯೇ ಇರುತ್ತದೆ.

ಇದಕ್ಕೂ ಮೊದಲು ಹೋಸ್ಟ್ ಯಂತ್ರಕ್ಕೇ ನೆಟ್ ಇದೆಯೇ ಎಂದು ನೋಡಿ. ಕರಾವಳಿಯಲ್ಲಿ ಇದನ್ನು ಬಿಡುವಂತಿಲ್ಲ. ಉಪ್ಪುಗಾಳಿಗೆ ಕೇಬಲ್ ತುದಿಯ ಲೋಹ ಹಸಿರುಗಟ್ಟಿ ಲಿಂಕ್ ಬಂದು ಹೋಗಿ ಮಾಡುತ್ತದೆ, ಅದರ ತಪ್ಪನ್ನು ಪುಸ್ತಕದ ಮೇಲೆ ಹೊರಿಸಬಾರದು.

ವಿಳಾಸ ಸರಿ, ಸಾಫ್ಟ್‌ವೇರ್ ಬೇರೆ

ಕೈಪಿಡಿಗಳಲ್ಲಿ ಅತಿ ಹೆಚ್ಚು ಸಿಗುವ ದೋಷ ಗೇಟ್‌ವೇ (ಪ್ಯಾಕೆಟ್‌ಗಳು ಹೊರಗಿನ ಜಾಲಕ್ಕೆ ಹೋಗುವ ಬಾಗಿಲು) ವಿಳಾಸದ್ದು. ಒಂದು ಸಾಫ್ಟ್‌ವೇರಿಗೆ ಬರೆದ ಪುಟವನ್ನು ಇನ್ನೊಂದರ ಅಧ್ಯಾಯಕ್ಕೆ ತಂದು ಅಂಟಿಸಿದಾಗ ಇದು ಹುಟ್ಟುತ್ತದೆ. ಎಲ್ಲ ಕಡೆ ಗೇಟ್‌ವೇ ಕೊನೆಯಲ್ಲಿ 1 ಇರುತ್ತದೆ ಎಂದುಕೊಂಡವರು ಬರೆದ ಸಾಲು ಎಲ್ಲಿ ಸರಿ, ಎಲ್ಲಿ ತಪ್ಪು ನೋಡಿ.

ಕೆವಿಎಂ ವಿಎಂಗಳನ್ನು ನಿರ್ವಹಿಸುವ ಲಿಬ್‌ವರ್ಟ್‌ನ ಡೀಫಾಲ್ಟ್ ನೆಟ್‌ವರ್ಕ್ 192.168.122.0/24. ಹೋಸ್ಟಿನ ವರ್‌ಬಿಆರ್0 ಬ್ರಿಡ್ಜಿಗೆ (ವಿಎಂಗಳನ್ನು ಜೋಡಿಸುವ ಸಾಫ್ಟ್‌ವೇರ್ ಸ್ವಿಚ್ಚಿಗೆ) 192.168.122.1, ಅದೇ ಗೇಟ್‌ವೇ. ಇಲ್ಲಿ 1 ಸರಿ. ವರ್ಚುವಲ್‌ಬಾಕ್ಸಿನ ಸಾದಾ ನ್ಯಾಟ್‌ನಲ್ಲಿ (ವಿಎಂ ಹೋಸ್ಟಿನ ವಿಳಾಸದ ಮರೆಯಲ್ಲಿ ಹೊರಹೋಗುವ ಮೋಡ್) ಗೆಸ್ಟಿಗೆ 10.0.2.15, ಗೇಟ್‌ವೇ 10.0.2.2, ಡಿಎನ್‌ಎಸ್ (ಹೆಸರನ್ನು ವಿಳಾಸವಾಗಿಸುವ ಸೇವೆ) 10.0.2.3. ಇಲ್ಲಿ 10.0.2.1 ಎಂದು ಬರೆದರೆ ಪ್ಯಾಕೆಟ್ ಹೊರಗೆ ಹೋಗುವುದೇ ಇಲ್ಲ. ಆದರೆ ಅದೇ ವರ್ಚುವಲ್‌ಬಾಕ್ಸಿನ 'ನ್ಯಾಟ್ ನೆಟ್‌ವರ್ಕ್' ಎಂಬ ಬೇರೆ ಮೋಡಿನಲ್ಲಿ ಗೇಟ್‌ವೇ 10.0.2.1. ವಿಎಂವೇರ್ ವರ್ಕ್‌ಸ್ಟೇಷನ್ನಿನ ನ್ಯಾಟ್‌ನಲ್ಲಿ, ಅಂದರೆ ವಿಎಂನೆಟ್8ರಲ್ಲಿ, ಹೋಸ್ಟಿನ ಅಡಾಪ್ಟರಿಗೆ 1, ಗೇಟ್‌ವೇಗೆ 2. ಅಲ್ಲಿ 1ಕ್ಕೆ ಪಿಂಗ್ ಮಾಡಿದರೆ ಹೋಸ್ಟಿನಿಂದ ಉತ್ತರ ಬರಬಹುದು. "ಗೇಟ್‌ವೇ ಸಿಗ್ತಾ ಇದೆ, ಇಂಟರ್‌ನೆಟ್ ಮಾತ್ರ ಇಲ್ಲ" ಎಂದು ಹುಡುಗರು ಡಿಎನ್‌ಎಸ್ ಹಿಂದೆ ಬೀಳುವುದು ಆಗಲೇ.

ಪತ್ತೆ ಹಚ್ಚುವುದು ಸುಲಭ. ಗೆಸ್ಟಿಗೆ ಸ್ಥಿರ ವಿಳಾಸ ಕೊಡುವ ಮೊದಲು ಡಿಎಚ್‌ಸಿಪಿಯಲ್ಲೇ (ವಿಳಾಸವನ್ನು ತಾನಾಗಿ ಹಂಚುವ ವ್ಯವಸ್ಥೆ) ಏಳಿಸಿ, 'ಐಪಿ ರೂಟ್' ಆದೇಶ ಕೊಟ್ಟು ಡೀಫಾಲ್ಟ್ ಸಾಲು ಓದಿ. ಸಾಫ್ಟ್‌ವೇರೇ ಹೇಳುವ ಗೇಟ್‌ವೇಗೂ ಪುಸ್ತಕದ್ದಕ್ಕೂ ಹೊಂದದಿದ್ದರೆ ಪುಸ್ತಕ ತಪ್ಪು. ತಿದ್ದುವಾಗ 1ನ್ನು 2 ಮಾಡಿ ಕೈತೊಳೆದುಕೊಳ್ಳಬೇಡಿ. ಯಾವ ಸಾಫ್ಟ್‌ವೇರ್, ಯಾವ ಮೋಡ್ ಎಂದು ಅದೇ ಸಾಲಿನ ತಲೆಯ ಮೇಲೆ ಬರೆಯಿರಿ, ಇಲ್ಲದಿದ್ದರೆ ಮುಂದಿನ ವರ್ಷ ಮತ್ತೊಬ್ಬರು ಅದನ್ನು ತಿರುಗಿ 1 ಮಾಡುತ್ತಾರೆ.

ಇದರ ಜೊತೆಗೇ ಬರುವ ಇನ್ನೊಂದು ತಪ್ಪು: "ಎರಡು ವಿಎಂಗಳನ್ನು ನ್ಯಾಟ್‌ನಲ್ಲಿಟ್ಟು ಪರಸ್ಪರ ಪಿಂಗ್ ಮಾಡಿ" ಎಂಬ ಪ್ರಯೋಗ. ವರ್ಚುವಲ್‌ಬಾಕ್ಸಿನ ಸಾದಾ ನ್ಯಾಟ್‌ನಲ್ಲಿ ಪ್ರತಿ ವಿಎಂಗೂ ಅದರದ್ದೇ ಪ್ರತ್ಯೇಕ ಪುಟ್ಟ ನೆಟ್‌ವರ್ಕ್. ಕಾಳಿಗೂ 10.0.2.15, ಗಂಗಾವಳಿಗೂ 10.0.2.15. ಒಂದರಿಂದ ಇನ್ನೊಂದಕ್ಕೆ ದಾರಿಯೇ ಇಲ್ಲ. 10.0.2.15ಕ್ಕೆ ಪಿಂಗ್ ಮಾಡಿದರೆ ಉತ್ತರ ಬರುತ್ತದೆ, ಆದರೆ ಉತ್ತರಿಸುವುದು ತನ್ನದೇ ಯಂತ್ರ. ಪ್ರಯೋಗ ಯಶಸ್ವಿ ಎಂದು ಬರೆದುಕೊಟ್ಟ ರೆಕಾರ್ಡುಗಳೂ ಇವೆ, ಅದೇ ಹೆಚ್ಚು ಬೇಸರದ ಸಂಗತಿ. ಈ ಪ್ರಯೋಗಕ್ಕೆ 'ನ್ಯಾಟ್ ನೆಟ್‌ವರ್ಕ್' ಅಥವಾ 'ಇಂಟರ್ನಲ್ ನೆಟ್‌ವರ್ಕ್' ಬೇಕು, ಮತ್ತು ಪಿಂಗ್ ಮಾಡುವ ಮುಂಚೆ ಎರಡೂ ವಿಎಂಗಳ ವಿಳಾಸ ಬೇರೆ ಬೇರೆ ಇದೆಯೇ ಎಂದು ಬರೆದುಕೊಳ್ಳುವ ಹೆಜ್ಜೆ ಕೈಪಿಡಿಯಲ್ಲಿ ಇರಲೇಬೇಕು.

ಕೆವಿಎಂ ಜೊತೆ ಬಳಸುವ ಕ್ಯುಇಎಂಯು ಎಂಬ ಸಾಫ್ಟ್‌ವೇರಿನ ಯೂಸರ್ ನೆಟ್‌ವರ್ಕಿಂಗ್ ಕೂಡ 10.0.2.0/24 ಅನ್ನೇ ಬಳಸುತ್ತದೆ. ಅದರಲ್ಲಿ ಹೊರಗಿನ ವಿಳಾಸಕ್ಕೆ ಪಿಂಗ್ ಸಾಮಾನ್ಯವಾಗಿ ಹೋಗುವುದಿಲ್ಲ, ಆದರೆ ವೆಬ್ ಪುಟ ತೆರೆಯುತ್ತದೆ. ಅಲ್ಲಿ "ಪಿಂಗ್ ಬಂದರೆ ನೆಟ್ ಇದೆ" ಎಂದು ಬರೆದಿದ್ದರೆ ಪರೀಕ್ಷೆಯ ಸಾಲೇ ತಪ್ಪು. ವೆಬ್ ಪುಟ ತರುವ ಕರ್ಲ್ ಆದೇಶದಿಂದ ಪರೀಕ್ಷಿಸಿ ಎಂದು ತಿದ್ದಿ.

ಬರೆದಾಗ ಸರಿಯಿದ್ದದ್ದು

ಕೆಲವು ಸಾಲುಗಳು ಬರೆದ ದಿನ ಸರಿಯಾಗಿಯೇ ಇದ್ದವು, ಆಮೇಲೆ ಸಾಫ್ಟ್‌ವೇರ್ ಬದಲಾಯಿತು. ಇಂಟರ್‌ಫೇಸಿನ ಹೆಸರು ಇದಕ್ಕೆ ಹಳೆಯ ಉದಾಹರಣೆ. 2013ರಲ್ಲಿ ಲಿನಕ್ಸಿನ ಸೇವೆಗಳನ್ನು ನಡೆಸುವ ಸಿಸ್ಟಂಡಿಯ 197ನೇ ಆವೃತ್ತಿಯೊಂದಿಗೆ ಹೊಸ ನಾಮಕರಣ ಪದ್ಧತಿ ಬಂತು, ಈತ್0 ಎನ್ನುವುದು ಹೆಚ್ಚಿನ ಕಡೆ ಹೋಯಿತು. ಈಗ ವರ್ಚುವಲ್‌ಬಾಕ್ಸಿನ ಮೊದಲ ಕಾರ್ಡು ಸಾಮಾನ್ಯವಾಗಿ ಇಎನ್‌ಪಿ0ಎಸ್3, ಎರಡನೆಯದು ಇಎನ್‌ಪಿ0ಎಸ್8. ಕೆವಿಎಂನಲ್ಲಿ ಹಳೆಯ ಐ440ಎಫ್‌ಎಕ್ಸ್ ಮಾದರಿಯ ಯಂತ್ರವಾದರೆ ಇಎನ್‌ಎಸ್3, ಹೊಸ ಕ್ಯು35 ಮಾದರಿಯಾದರೆ ಇಎನ್‌ಪಿ1ಎಸ್0. ಅಂದರೆ ಅದೇ ಉಬುಂಟು, ಅದೇ ಕೆವಿಎಂ ಇದ್ದೂ ಯಂತ್ರದ ಮಾದರಿ ಬದಲಾದರೆ ಹೆಸರು ಬದಲಾಗುತ್ತದೆ. ನೆಟ್‌ಪ್ಲಾನ್ (ಉಬುಂಟುವಿನ ನೆಟ್‌ವರ್ಕ್ ಸಂಯೋಜನೆ) ಫೈಲಿನಲ್ಲಿ ಯಂತ್ರದಲ್ಲಿಲ್ಲದ ಕಾರ್ಡಿನ ಹೆಸರಿದ್ದರೆ ಅದು ದೊಡ್ಡದಾಗಿ ಕೂಗಿ ಹೇಳುವುದಿಲ್ಲ, ಸುಮ್ಮನೆ ವಿಳಾಸ ಬರುವುದಿಲ್ಲ. ಈ ದೋಷವನ್ನು ಇನ್ನೊಂದು ಹೆಸರು ಬರೆದು ತಿದ್ದಲಾಗದು. "ಮೊದಲು ಐಪಿ ಲಿಂಕ್ ಆದೇಶ ಕೊಡಿ, ಅಲ್ಲಿ ಬಂದ ಹೆಸರನ್ನು ಮುಂದಿನ ಫೈಲಿನಲ್ಲಿ ಹಾಕಿ" ಎಂಬ ಹೆಜ್ಜೆಯೇ ಸರಿಯಾದ ತಿದ್ದುಪಡಿ.

ವರ್ಚುವಲ್‌ಬಾಕ್ಸ್ 6.1.28, ಅಂದರೆ 2021ರ ಅಕ್ಟೋಬರಿನ ಆವೃತ್ತಿ, ಲಿನಕ್ಸ್ ಮತ್ತು ಮ್ಯಾಕ್ ಹೋಸ್ಟುಗಳಲ್ಲಿ ಹೋಸ್ಟ್-ಓನ್ಲಿ (ಹೋಸ್ಟ್ ಮತ್ತು ವಿಎಂಗಳ ನಡುವೆ ಮಾತ್ರ ಇರುವ ನೆಟ್‌ವರ್ಕ್) ವಿಳಾಸಗಳನ್ನು 192.168.56.0/21 ಒಳಗೆ ಮಾತ್ರ ಬಿಡುತ್ತದೆ. 192.168.56.0ಯಿಂದ 192.168.63.255ರವರೆಗೆ. ಅದಕ್ಕೂ ಹಿಂದಿನ ಪುಸ್ತಕದಲ್ಲಿ 10.10.10.1 ಎಂದೋ 172.16.0.1 ಎಂದೋ ಇದ್ದರೆ ಈಗ ದೋಷ ಸಂದೇಶ ಬರುತ್ತದೆ. ಇಟಿಸಿ ಕೆಳಗಿನ ವಿಬಾಕ್ಸ್ ಫೋಲ್ಡರಿನಲ್ಲಿ ನೆಟ್‌ವರ್ಕ್ಸ್.ಕಾನ್ಫ್ ಎಂಬ ಫೈಲು ಮಾಡಿ ಅನುಮತಿ ಕೊಡಬಹುದು, ಆದರೆ ಲ್ಯಾಬ್ ಪುಸ್ತಕಕ್ಕೆ ಅಷ್ಟು ದೂರ ಹೋಗುವುದು ಬೇಡ. ವಿಳಾಸವನ್ನೇ 192.168.56ಕ್ಕೆ ತನ್ನಿ. ವಿಂಡೋಸ್ ಹೋಸ್ಟಿನಲ್ಲಿ ಈ ನಿರ್ಬಂಧ ಇಲ್ಲದಿರುವುದರಿಂದ ಪಕ್ಕದ ಪಿಸಿಯಲ್ಲಿ ಹಳೆಯ ಸಾಲು ಕೆಲಸ ಮಾಡುತ್ತಿರಬಹುದು. "ಅವನಿಗೆ ಬರುತ್ತೆ, ನನಗೆ ಬರಲ್ಲ" ಎಂಬ ದೂರಿನ ಹಿಂದೆ ಇಂಥದ್ದೇನೋ ಇದೆಯೇ ಎಂದು ತಿಳಿಯಲು ಹೋಸ್ಟ್ ಯಾವುದೆಂದು ಕೇಳಿಯೇ ಮುಂದುವರಿಯಿರಿ.

ನೆಟ್‌ಪ್ಲಾನ್‌ನ ಗೇಟ್‌ವೇ4 ಎಂಬ ಪದದ ಬಗ್ಗೆ ಒಂದು ಮಾತು. ಉಬುಂಟು 22.04ರಲ್ಲಿ ಅದನ್ನು ಬಳಸಿದರೆ ಎಚ್ಚರಿಕೆ ಬರುತ್ತದೆ, ಅದರ ಬದಲು ರೂಟ್ಸ್ ವಿಭಾಗದಲ್ಲಿ ಡೀಫಾಲ್ಟ್ ದಾರಿ ಬರೆಯಬೇಕು. ಆದರೆ ಎಚ್ಚರಿಕೆ ಬಂದರೂ ಅದು ಕೆಲಸ ಮಾಡುತ್ತದೆ. ವಿದ್ಯಾರ್ಥಿಗಳು ಪರದೆಯಲ್ಲಿ ಕಂಡ ಮೊದಲ ಎಚ್ಚರಿಕೆಯನ್ನೇ ಕಾರಣವೆಂದು ಹಿಡಿದು ಒಂದು ತಾಸು ಕಳೆಯುತ್ತಾರೆ. ತಿದ್ದುಪಡಿಯಲ್ಲಿ ಹೊಸ ರೂಪವನ್ನೇ ಕೊಡಿ, ಹಳೆಯದು ಸಿಕ್ಕರೆ ಗಾಬರಿ ಬೇಡ ಎಂದೂ ಸೇರಿಸಿ.

ಬ್ರಿಡ್ಜ್: ಪ್ಯಾಕೆಟ್ ಎಲ್ಲಿ ಸತ್ತಿತು?

ಬ್ರಿಡ್ಜ್ ಅಧ್ಯಾಯದಲ್ಲಿ ಊಹೆ ಸಾಲದು, ಹಾದುಹೋಗುವ ಪ್ಯಾಕೆಟ್‌ಗಳನ್ನು ತೋರಿಸುವ ಟಿಸಿಪಿಡಂಪ್ ಬೇಕೇ ಬೇಕು. ಅಘನಾಶಿನಿಯಿಂದ ಹೊರಗಿನ ರೌಟರಿಗೆ ಪಿಂಗ್ ಬಿಟ್ಟು, ಹೋಸ್ಟಿನಲ್ಲಿ ಮೂರು ಕಡೆ ಕಿವಿಗೊಡಿ: ವಿಎಂಗೆ ಅಂಟಿದ ವಿನೆಟ್0, ಬ್ರಿಡ್ಜ್ ಆದ ಬಿಆರ್0, ಕೊನೆಗೆ ನಿಜವಾದ ಕಾರ್ಡು. ಹೆಸರು ಬಿಡಿಸದಂತೆ ಎನ್ ಆಯ್ಕೆ, ಮ್ಯಾಕ್ ವಿಳಾಸ (ಪ್ರತಿ ನೆಟ್‌ವರ್ಕ್ ಕಾರ್ಡಿಗೂ ಇರುವ ಗುರುತು ಸಂಖ್ಯೆ) ಕಾಣುವಂತೆ ಇ ಆಯ್ಕೆ ಕೊಡಿ. ಕೆವಿಎಂ ವಿಎಂಗಳ ಮ್ಯಾಕ್ 52:54:00ರಿಂದ, ವರ್ಚುವಲ್‌ಬಾಕ್ಸಿನವು 08:00:27ರಿಂದ ಶುರುವಾಗುವುದರಿಂದ ಯಾರ ಪ್ಯಾಕೆಟ್ ಎಂದು ತಕ್ಷಣ ತಿಳಿಯುತ್ತದೆ. ಪ್ಯಾಕೆಟ್ ಕೊನೆಯದಾಗಿ ಎಲ್ಲಿ ಕಂಡಿತೋ ಅದರ ಮುಂದಿನ ಕೊಂಡಿಗೆ ಸಂಬಂಧಿಸಿದ ಸಾಲೇ ಕೈಪಿಡಿಯಲ್ಲಿ ತಪ್ಪಿದೆ ಅಥವಾ ಬಿಟ್ಟುಹೋಗಿದೆ.

ವಿನೆಟ್0ರಲ್ಲಿ ಕಂಡು, ಕಾರ್ಡಿನಲ್ಲಿ ಕಾಣದೆ ಹೋದರೆ ಕಾರ್ಡು ಬ್ರಿಡ್ಜಿಗೆ ಸೇರಿಲ್ಲದಿರಬಹುದು. ಕಾರ್ಡು ಸೇರಿಸಿದ ಕ್ಷಣದಲ್ಲೇ ಹೋಸ್ಟಿನ ನೆಟ್ ಹೋದರೆ ಪುಸ್ತಕದಲ್ಲಿ ಬಹಳ ಸಾಮಾನ್ಯವಾದ ಒಂದು ಹೆಜ್ಜೆ ಬಿಟ್ಟುಹೋಗಿದೆ: ಹೋಸ್ಟಿನ ಐಪಿ ವಿಳಾಸ ಕಾರ್ಡಿನಿಂದ ಬ್ರಿಡ್ಜಿಗೆ ವರ್ಗವಾಗಬೇಕು. ಶಿರಸಿಯ ಸ್ನೇಹಿತರೊಬ್ಬರು ದೂರದಿಂದ ಎಸ್‌ಎಸ್‌ಎಚ್‌ನಲ್ಲಿ ಈ ಅಧ್ಯಾಯ ಮಾಡಲು ಹೋಗಿ ಸಂಪರ್ಕ ಕಳೆದುಕೊಂಡು ಫೋನ್ ಮಾಡಿದ್ದರು. "ಮಾರಾಯ್ರೆ, ಇದನ್ನ ಎದುರಿಗೆ ಕೂತು ಮಾಡಿ ಅಂತ ಒಂದು ಸಾಲು ಹಾಕಿದ್ರೆ ಸಾಕಿತ್ತಲ್ಲ" ಎಂದರು. ಆ ಸಾಲನ್ನು ಅಧ್ಯಾಯದ ಮೊದಲಿಗೆ ಹಾಕಿದ್ದೇವೆ.

ಲ್ಯಾಪ್‌ಟಾಪಿನ ವೈ-ಫೈಯನ್ನು ಬ್ರಿಡ್ಜಿಗೆ ಸೇರಿಸಿ ಎಂದು ಬರೆದಿದ್ದರೆ ಅದು ಕೆವಿಎಂಗೆ ಸಲ್ಲದ ಸಲಹೆ. ವೈ-ಫೈ ಆಕ್ಸೆಸ್ ಪಾಯಿಂಟ್ ತನ್ನೊಂದಿಗೆ ನೋಂದಾಯಿಸಿಕೊಂಡ ಮ್ಯಾಕ್ ವಿಳಾಸದ ಫ್ರೇಮುಗಳನ್ನಷ್ಟೇ ಒಪ್ಪುತ್ತದೆ, ವಿಎಂನ ಮ್ಯಾಕ್ ಅದಕ್ಕೆ ಗೊತ್ತಿಲ್ಲ. ಲಿನಕ್ಸ್ ಕರ್ನಲ್ಲೇ ಸಾಮಾನ್ಯ ವೈ-ಫೈ ಇಂಟರ್‌ಫೇಸನ್ನು ಬ್ರಿಡ್ಜಿಗೆ ಸೇರಿಸಲು ಬಿಡುವುದಿಲ್ಲ. ವರ್ಚುವಲ್‌ಬಾಕ್ಸ್ ಮ್ಯಾಕ್ ವಿಳಾಸ ಬದಲಿಸುವ ಉಪಾಯದಿಂದ ಇದನ್ನು ದಾಟುತ್ತದೆ. ಅದರ ಪುಟವನ್ನು ಕೆವಿಎಂ ಅಧ್ಯಾಯಕ್ಕೆ ತಂದವರಿಗೆ ಈ ವ್ಯತ್ಯಾಸ ಕಾಣುವುದಿಲ್ಲ.

ಇನ್ನೊಂದು ದೋಷಕ್ಕೆ ವಿಶಿಷ್ಟ ಚಹರೆ ಇದೆ: ಎಆರ್‌ಪಿ ಪ್ರಶ್ನೆಗೆ (ಈ ಐಪಿ ವಿಳಾಸದ ಮ್ಯಾಕ್ ಯಾವುದು ಎಂಬ ಪ್ರಶ್ನೆಗೆ) ಉತ್ತರ ಬರುತ್ತದೆ, ಪಿಂಗಿಗೆ ಬರುವುದಿಲ್ಲ, ಡಿಎಚ್‌ಸಿಪಿಯೂ ಸಿಗುವುದಿಲ್ಲ. ಹೋಸ್ಟಿನಲ್ಲಿ ಡಾಕರ್ (ಕಂಟೇನರ್‌ಗಳನ್ನು, ಅಂದರೆ ಪ್ರತ್ಯೇಕಿಸಿಟ್ಟ ಪ್ರೋಗ್ರಾಂಗಳನ್ನು, ಓಡಿಸುವ ಸಾಫ್ಟ್‌ವೇರ್) ಇದೆಯೇ ನೋಡಿ. 2017ರ 1.13 ಆವೃತ್ತಿಯಿಂದ ಡಾಕರ್, ಲಿನಕ್ಸಿನ ಫೈರ್‌ವಾಲ್ ಆದ ಐಪಿಟೇಬಲ್ಸ್‌ನ ಫಾರ್ವರ್ಡ್ ಸರಪಳಿಯ ಪಾಲಿಸಿಯನ್ನು 'ಡ್ರಾಪ್'ಗೆ, ಅಂದರೆ ಪ್ಯಾಕೆಟ್ ಬಿಸಾಡುವಂತೆ, ಬದಲಿಸುತ್ತದೆ. ಬಿಆರ್-ನೆಟ್‌ಫಿಲ್ಟರ್ ಮಾಡ್ಯೂಲ್ ಲೋಡ್ ಆಗಿದ್ದರೆ ಬ್ರಿಡ್ಜಿನೊಳಗಿನ ಐಪಿ ಪ್ಯಾಕೆಟ್ಟುಗಳೂ ಅದೇ ಸರಪಳಿಗೆ ಸಿಕ್ಕಿ ಬೀಳುತ್ತವೆ, ಎಆರ್‌ಪಿ ಮಾತ್ರ ತಪ್ಪಿಸಿಕೊಳ್ಳುತ್ತದೆ. ವಿಎಂ ಅಧ್ಯಾಯ ಸರಿಯಿದೆ, ಡಾಕರ್ ಅಧ್ಯಾಯವೂ ಸರಿಯಿದೆ. ಎರಡನ್ನೂ ಒಂದೇ ಹೋಸ್ಟಿನಲ್ಲಿ ಒಂದರ ಮೇಲೊಂದು ಮಾಡಿಸುವ ಪುಸ್ತಕದ ಅನುಕ್ರಮದಲ್ಲಿ ದೋಷವಿದೆ. ಡಾಕರ್-ಯೂಸರ್ ಸರಪಳಿಯಲ್ಲಿ ಬಿಆರ್0ಗೆ ಅನುಮತಿಯ ನಿಯಮ ಸೇರಿಸುವುದು ಉತ್ತಮ. ಬ್ರಿಡ್ಜ್ ಫಿಲ್ಟರಿಂಗನ್ನೇ ಪೂರ್ತಿ ಆರಿಸುವ ಸಲಹೆ ಹಲವೆಡೆ ಸಿಗುತ್ತದೆ, ಆದರೆ ಅದೇ ಹೋಸ್ಟಿನ ಕಂಟೇನರ್‌ಗಳ ರಕ್ಷಣೆಯೂ ಅದರೊಂದಿಗೆ ಸಡಿಲವಾಗಬಹುದು. ಹಾಗಾಗಿ ನಾನು ಅದನ್ನು ಪುಸ್ತಕಕ್ಕೆ ಸೇರಿಸಿಲ್ಲ.

ಕರೆಂಟು ಹೋಗಿ ಬಂದ ಮೇಲೆ

ಜೂನ್, ಜುಲೈ ಮಳೆಗೆ ನಮ್ಮ ಕಡೆ ಕರೆಂಟು ಎಷ್ಟು ಹೊತ್ತಿಗೆ ಹೋಗುತ್ತದೆ ಎಂದು ಹೇಳಲಾಗದು. ಯುಪಿಎಸ್ ಬ್ಯಾಟರಿ ಇಳಿದು ಸರ್ವರ್ ಆರಿದರೆ, ಮತ್ತೆ ಏಳುವಾಗ ಕೈಪಿಡಿಯ ಇನ್ನೊಂದು ಬಗೆಯ ದೋಷ ಹೊರಬೀಳುತ್ತದೆ. ನಿನ್ನೆ ನಡೆದದ್ದು ಇವತ್ತು ನಡೆಯುವುದಿಲ್ಲ, ಯಾರೂ ಏನೂ ಮುಟ್ಟಿರುವುದಿಲ್ಲ.

ಕಾರಣ ಇಷ್ಟೇ: 'ಐಪಿ ಲಿಂಕ್ ಆಡ್' ಎಂದು ಮಾಡಿದ ಬ್ರಿಡ್ಜ್ ಕರ್ನಲ್‌ನ ನೆನಪಿನಲ್ಲಿ ಮಾತ್ರ ಇರುತ್ತದೆ. 'ಸಿಸ್‌ಸಿಟಿಎಲ್ -ಡಬ್ಲ್ಯು' ಕೊಟ್ಟು ಐಪಿ ಫಾರ್ವರ್ಡಿಂಗ್ 1 ಮಾಡಿದ್ದೂ ಹಾಗೆಯೇ. ಐಪಿಟೇಬಲ್ಸ್ ನಿಯಮಗಳನ್ನು ಉಳಿಸದಿದ್ದರೆ ಅವೂ ಹೋಗುತ್ತವೆ. 'ವಿರ್ಶ್ ನೆಟ್-ಸ್ಟಾರ್ಟ್' ಕೊಟ್ಟು 'ನೆಟ್-ಆಟೋಸ್ಟಾರ್ಟ್' ಕೊಡದಿದ್ದರೆ ಲಿಬ್‌ವರ್ಟ್ ನೆಟ್‌ವರ್ಕ್ ಮಲಗಿಯೇ ಇರುತ್ತದೆ. ಕೈಪಿಡಿ ತಾತ್ಕಾಲಿಕ ಆದೇಶಗಳನ್ನು ಕೊಟ್ಟಿದ್ದು ತಪ್ಪಲ್ಲ, ಕಲಿಕೆಗೆ ಅವೇ ಒಳ್ಳೆಯವು. ಅವು ತಾತ್ಕಾಲಿಕ ಎಂದು ಹೇಳದಿರುವುದು ತಪ್ಪು. ಪರೀಕ್ಷಿಸಲು ಪ್ರತಿ ಅಧ್ಯಾಯದ ಕೊನೆಗೆ ಹೋಸ್ಟನ್ನು ಒಮ್ಮೆ ರೀಬೂಟ್ ಮಾಡಿ, ಏನು ಉಳಿಯಿತು ಎಂದು ನೋಡಿ. ಉಳಿಯದ ಪ್ರತಿಯೊಂದರ ಪಕ್ಕ "ರೀಬೂಟ್ ಆದರೆ ಹೋಗುತ್ತದೆ, ಶಾಶ್ವತ ಮಾಡಲು ಇಂತಹ ಪುಟ" ಎಂದು ಬರೆಯಿರಿ. ನಮ್ಮ ಪುಸ್ತಕದಲ್ಲಿ ಅತಿ ಹೆಚ್ಚು ತಿದ್ದುಪಡಿ ಬಿದ್ದಿದ್ದು ಈ ಪರೀಕ್ಷೆಯಿಂದ.

ಕ್ಲೋನ್ ಮಾಡಿದ ವಿಎಂಗಳಿಗೆ ಒಂದೇ ವಿಳಾಸ

ಇದಕ್ಕೆ ಹೆಚ್ಚು ಜಾಗ ಕೊಡುತ್ತಿದ್ದೇನೆ, ಏಕೆಂದರೆ ಇಲ್ಲಿ ಪುಸ್ತಕದ ಸಾಲು ಅರ್ಧ ಸತ್ಯ, ಮತ್ತು ಆ ಅರ್ಧ ಸತ್ಯವೇ ಜನರನ್ನು ದಾರಿ ತಪ್ಪಿಸುತ್ತದೆ.

ಪುಸ್ತಕ ಹೇಳುತ್ತದೆ: "ಕ್ಲೋನ್ ಮಾಡಿದ ಮೇಲೆ ಮ್ಯಾಕ್ ವಿಳಾಸ ಬದಲಿಸಿ, ಆಗ ಡಿಎಚ್‌ಸಿಪಿ ಹೊಸ ಐಪಿ ಕೊಡುತ್ತದೆ." ಬದಲಿಸಿ ಶರಾವತಿಯನ್ನು ಎಬ್ಬಿಸಿದರೆ ಅದಕ್ಕೂ ಗಂಗಾವಳಿಯ ಐಪಿಯೇ. ಎಸ್‌ಎಸ್‌ಎಚ್ ಮಾಡಿದರೆ ಒಮ್ಮೆ ಅಲ್ಲಿ, ಇನ್ನೊಮ್ಮೆ ಇಲ್ಲಿ ಹೋಗಿ ಸೇರುತ್ತದೆ. ಕೀಲಿ ಬದಲಾಗಿದೆ ಎಂಬ ಎಚ್ಚರಿಕೆಯೂ ಬರುವುದಿಲ್ಲ, ಏಕೆಂದರೆ ಕ್ಲೋನಿನಲ್ಲಿ ಎಸ್‌ಎಸ್‌ಎಚ್ ಹೋಸ್ಟ್ ಕೀಲಿಗಳೂ ಅವೇ. ಗಂಗಾವಳಿಯಲ್ಲಿ ಬರೆದ ಫೈಲು ಕಾಣೆಯಾಯಿತು ಎಂದು ಹುಡುಗರು ಹುಡುಕುತ್ತಿರುತ್ತಾರೆ, ಅದು ಶರಾವತಿಯಲ್ಲಿ ಕೂತಿರುತ್ತದೆ.

ಇಲ್ಲಿ ಆಗುವುದು ಇದು. ಉಬುಂಟು ಸರ್ವರಿನಲ್ಲಿ ಡಿಎಚ್‌ಸಿಪಿ ಕೇಳುವುದು ಸಿಸ್ಟಂಡಿ-ನೆಟ್‌ವರ್ಕ್‌ಡಿ. ಅದು ತನ್ನ ಗುರುತಾಗಿ ಮ್ಯಾಕ್ ವಿಳಾಸವನ್ನು ಕೊಡದೆ, ಇಟಿಸಿ ಫೋಲ್ಡರಿನ ಮಷೀನ್-ಐಡಿ ಫೈಲಿನಿಂದ ಕಟ್ಟಿದ ಡಿಯುಐಡಿ ಎಂಬ ಗುರುತನ್ನು ಕೊಡುತ್ತದೆ. ಕ್ಲೋನ್ ಮಾಡಿದಾಗ ಆ ಫೈಲೂ ನಕಲಾಗುತ್ತದೆ. ಡಿಎಚ್‌ಸಿಪಿ ಸರ್ವರಿನ ದೃಷ್ಟಿಯಲ್ಲಿ ಇಬ್ಬರೂ ಒಬ್ಬರೇ, ಹಳೆಯ ಗಿರಾಕಿಗೆ ಹಳೆಯ ವಿಳಾಸ ಕೊಡುವುದು ಅದರ ಧರ್ಮ.

ಖಚಿತಪಡಿಸಿಕೊಳ್ಳಲು ಎರಡೂ ವಿಎಂಗಳಲ್ಲಿ ಆ ಫೈಲನ್ನು ತೆರೆದು ಹೋಲಿಸಿ. ಹೋಸ್ಟಿನಲ್ಲಿ 'ವಿರ್ಶ್ ನೆಟ್-ಡಿಎಚ್‌ಸಿಪಿ-ಲೀಸಸ್ ಡೀಫಾಲ್ಟ್' ಕೊಟ್ಟರೆ ಕೊನೆಯ ಕಾಲಮ್ಮಿನಲ್ಲಿ ಗ್ರಾಹಕನ ಗುರುತು ಕಾಣುತ್ತದೆ. ಎರಡು ವಿಎಂ ಓಡುತ್ತಿದ್ದರೂ ಒಂದೇ ಸಾಲು ಇದ್ದರೆ ಅನುಮಾನವೇ ಬೇಡ.

ತಿದ್ದುಪಡಿ: ಮಾದರಿ ವಿಎಂ ಅನ್ನು ಕ್ಲೋನ್ ಮಾಡುವ ಮುಂಚೆ ಮಷೀನ್-ಐಡಿ ಫೈಲನ್ನು ಖಾಲಿ ಮಾಡಬೇಕು. ಅಳಿಸುವುದಲ್ಲ, ಫೈಲು ಇರಬೇಕು, ಒಳಗೆ ಏನೂ ಇರಬಾರದು. ಮುಂದಿನ ಬೂಟಿನಲ್ಲಿ ಹೊಸದು ತಾನಾಗಿ ಹುಟ್ಟುತ್ತದೆ. ಹಾಗಾಗಿ ಖಾಲಿ ಮಾಡಿದ ಮೇಲೆ ಮಾದರಿಯನ್ನು ಮತ್ತೆ ಬೂಟ್ ಮಾಡದೆ ಆರಿಸಿಡಬೇಕು ಎಂಬುದನ್ನೂ ಬರೆಯಬೇಕು. ಈ ಸಣ್ಣ ಷರತ್ತು ಬಿಟ್ಟುಹೋದರೆ ತಿದ್ದುಪಡಿಯೇ ಹೊಸ ದೋಷವಾಗುತ್ತದೆ. ವರ್ಟ್-ಸಿಸ್‌ಪ್ರೆಪ್ ಉಪಕರಣ ಇದನ್ನೂ ಎಸ್‌ಎಸ್‌ಎಚ್ ಕೀಲಿಗಳನ್ನು ತೆಗೆಯುವುದನ್ನೂ ಒಟ್ಟಿಗೆ ಮಾಡುತ್ತದೆ. ಕೀಲಿ ತೆಗೆದ ಮೇಲೆ ಉಬುಂಟುವಿನಲ್ಲಿ 'ಎಸ್‌ಎಸ್‌ಎಚ್-ಕೀಜೆನ್' ಆದೇಶಕ್ಕೆ ದೊಡ್ಡ ಎ ಆಯ್ಕೆ ಕೊಟ್ಟು ಹೊಸದು ಮಾಡಬೇಕಾಗಬಹುದು, ಆದ್ದರಿಂದ ಮೊದಲ ಬಾರಿ ಕನ್ಸೋಲಿನಿಂದ ಲಾಗಿನ್ ಆಗಿ ಎಂಬ ಸೂಚನೆ ಇರಲಿ. ಮಷೀನ್-ಐಡಿ ಮುಟ್ಟಲಾಗದ ಕಡೆ ನೆಟ್‌ಪ್ಲಾನ್‌ನಲ್ಲಿ ಡಿಎಚ್‌ಸಿಪಿ-ಐಡೆಂಟಿಫೈಯರ್ ಎಂಬುದಕ್ಕೆ ಮ್ಯಾಕ್ ಎಂದು ಕೊಟ್ಟರೂ ನಡೆಯುತ್ತದೆ. ಮ್ಯಾಕ್ ಬದಲಿಸುವ ಹಳೆಯ ಸಾಲನ್ನು ತೆಗೆಯಬೇಡಿ. ಅದೂ ಬೇಕು, ಅದೊಂದೇ ಸಾಲದು.

ಕಣ್ಣಿಗೆ ಕಾಣದ ಅಕ್ಷರಗಳು

ಕನ್ನಡದಲ್ಲಿ ಕೈಪಿಡಿ ಬರೆಯುವವರಿಗೆ ಇದು ವಿಶೇಷ ತೊಂದರೆ. ನಾವು ಯೂನಿಕೋಡಿನಲ್ಲಿ ನೆಟ್‌ವರ್ಕ್ ಎಂದು ಟೈಪ್ ಮಾಡುವಾಗ ಒತ್ತಕ್ಷರ ಆಗದಂತೆ ನಡುವೆ ಕಾಣದ ಒಂದು ಅಕ್ಷರ ಹಾಕುತ್ತೇವೆ. ಅದು ಆದೇಶದ ಸಾಲಿಗೆ ಜಾರಿದರೆ ಪರದೆಯಲ್ಲಿ ಎಲ್ಲ ಸರಿಯಾಗಿ ಕಾಣುತ್ತದೆ, ಟರ್ಮಿನಲ್ ಮಾತ್ರ ಒಪ್ಪುವುದಿಲ್ಲ. ಕನ್ನಡ ಸೊನ್ನೆಯೂ ಅನುಸ್ವಾರವೂ ಒಂದೇ ತರಹ ಕಾಣುವುದರಿಂದ ಐಪಿ ವಿಳಾಸದೊಳಗೆ ಅವು ಸೇರಿಕೊಂಡರೆ ಕಣ್ಣಿಗೆ ಸಿಗುವುದು ಕಷ್ಟ. ವರ್ಡ್ ಪ್ರೊಸೆಸರ್ ತನ್ನಷ್ಟಕ್ಕೆ ಎರಡು ಹೈಫನ್‌ಗಳನ್ನು ಒಂದು ಉದ್ದ ಗೆರೆ ಮಾಡುತ್ತದೆ, ನೇರ ಉದ್ಧರಣ ಚಿಹ್ನೆಯನ್ನು ಬಾಗಿಸುತ್ತದೆ. ನೆಟ್‌ಪ್ಲಾನ್ ಫೈಲಿನಲ್ಲಿ ಸ್ಪೇಸ್ ಬದಲು ಟ್ಯಾಬ್ ಬಿದ್ದರೆ ಆ ಫೈಲಿನ ಬರಹದ ರೂಪವಾದ ಯಾಮಲ್ ಅದನ್ನು ಒಪ್ಪುವುದೇ ಇಲ್ಲ.

ಪಿಡಿಎಫ್‌ನಿಂದ ಆದೇಶವನ್ನು ಕಾಪಿ ಮಾಡಿ ಒಂದು ಫೈಲಿಗೆ ಅಂಟಿಸಿ, 'ಕ್ಯಾಟ್' ಆದೇಶಕ್ಕೆ ದೊಡ್ಡ ಎ ಆಯ್ಕೆ ಕೊಟ್ಟು ನೋಡಿ. ಸಾಮಾನ್ಯ ಅಕ್ಷರಗಳ ನಡುವೆ ವಿಚಿತ್ರ ಗುರುತುಗಳು ಕಂಡರೆ ಸಿಕ್ಕಿತು. ಕೈಯಲ್ಲಿ ಟೈಪ್ ಮಾಡಿದರೆ ನಡೆಯುವುದು, ಅಂಟಿಸಿದರೆ ನಡೆಯದಿರುವುದು ಈ ದೋಷದ ಲಕ್ಷಣ. ಎಲ್ಲ ಆದೇಶಗಳನ್ನೂ ಸಾದಾ ಪಠ್ಯದ ಫೈಲುಗಳಲ್ಲಿ ಇಟ್ಟು, ಪುಸ್ತಕಕ್ಕೆ ಅಲ್ಲಿಂದಲೇ ತರುವುದು ಶಾಶ್ವತ ಪರಿಹಾರ.

ತಿದ್ದಿ ಬರೆಯುವಾಗ

ಆದೇಶ ಎಲ್ಲಿ ಕೊಡಬೇಕು, ಹೋಸ್ಟಿನಲ್ಲೋ ಗೆಸ್ಟಿನಲ್ಲೋ, ಎಂಬುದು ಪ್ರತಿ ಸಾಲಿನ ಮುಂದೆಯೂ ಇರಲಿ. 'ಹೋಸ್ಟ್' ಅಥವಾ 'ಕಾಳಿ' ಎಂದು ಬರೆದರೂ ಸಾಕು. ಪ್ರತಿ ಆದೇಶದ ಕೆಳಗೆ ಸರಿಯಾದಾಗ ಏನು ಕಾಣಬೇಕು ಎಂಬ ಒಂದೆರಡು ಸಾಲು ಇರಲಿ. ಇದು ಇಲ್ಲದ ಕೈಪಿಡಿಯಲ್ಲಿ ಓದುಗ ಎಡವಿದ್ದು ಹತ್ತು ಹೆಜ್ಜೆ ಕಳೆದ ಮೇಲೆಯೇ ತಿಳಿಯುತ್ತದೆ. ಅಧ್ಯಾಯದ ತಲೆಯಲ್ಲಿ ಯಾವ ಆವೃತ್ತಿಯ ಮೇಲೆ, ಯಾವ ತಿಂಗಳು ಪರೀಕ್ಷಿಸಿದ್ದು ಎಂದು ನಮೂದಿಸಿ.

ಓದುಗರು ಹಾಗೇ ಟೈಪ್ ಮಾಡಬಾರದ, ವಿವರಣೆಗಷ್ಟೇ ಬಳಸುವ ವಿಳಾಸಗಳಿಗೆ 192.0.2.0/24, 198.51.100.0/24, 203.0.113.0/24 ಇವನ್ನೇ ಬಳಸಿ. 2010ರ ಆರ್‌ಎಫ್‌ಸಿ 5737 ಇವನ್ನು ದಾಖಲೆಗಳಿಗೆಂದೇ ಮೀಸಲಿಟ್ಟಿದೆ. ಐಪಿವಿ6ಗೆ 2001:ಡಿಬಿ8::/32 ಇದೆ. ಯಾರದೋ ನಿಜವಾದ ಸಾರ್ವಜನಿಕ ವಿಳಾಸವನ್ನು ಉದಾಹರಣೆಯಾಗಿ ಅಚ್ಚು ಹಾಕಿದರೆ ಪ್ರತಿ ವರ್ಷದ ವಿದ್ಯಾರ್ಥಿಗಳೂ ಆ ಅಪರಿಚಿತರ ಯಂತ್ರದ ಬಾಗಿಲು ಬಡಿಯುತ್ತಿರುತ್ತಾರೆ.

ತಪ್ಪಿದ ಸಾಲನ್ನು ಸುಮ್ಮನೆ ಅಳಿಸಬೇಡಿ. ಪುಸ್ತಕದ ಕೊನೆಗೆ ತಿದ್ದುಪಡಿಗಳ ಪುಟ ಇಟ್ಟು, ಹಳೆಯ ಸಾಲು, ಹೊಸ ಸಾಲು, ಕಾರಣ, ಯಾವ ಲಕ್ಷಣದಿಂದ ತಿಳಿಯಿತು ಎಂದು ಬರೆಯಿರಿ. ಹಳೆಯ ಅಚ್ಚು ಪ್ರತಿ ಹಿಡಿದು ಬರುವವರು ಲಕ್ಷಣ ನೋಡಿಯೇ ತಮ್ಮ ತಪ್ಪು ಸಾಲನ್ನು ಗುರುತಿಸುತ್ತಾರೆ. ತಪ್ಪು ಮೂಲ ಸಾಫ್ಟ್‌ವೇರಿನ ಅಧಿಕೃತ ದಾಖಲೆಯಲ್ಲೇ ಇದ್ದರೆ ಅದೇ ನಾಲ್ಕು ಸಂಗತಿಗಳನ್ನು ಅವರಿಗೆ ಬರೆದು ಕಳಿಸಿ, ಮುಕ್ತ ತಂತ್ರಾಂಶಗಳಲ್ಲಿ ಅದಕ್ಕೆ ದಾರಿ ಇರುತ್ತದೆ.

ತಿದ್ದಿದ ಅಧ್ಯಾಯವನ್ನು ಮತ್ತೆ ಹೊಸ ವಿಎಂ ಮೇಲೆ, ಬೇರೆ ಇಬ್ಬರು ವಿದ್ಯಾರ್ಥಿಗಳಿಂದ ಮಾಡಿಸಿ, ಹೋಸ್ಟ್ ರೀಬೂಟ್ ಆದ ನಂತರವೂ ಪಿಂಗ್ ಬಂದರೆ ಮಾತ್ರ ಪ್ರತಿ ತೆಗೆಯಲು ಕೊಡಿ. ಗೋಡೆಗೆ ಅಂಟಿಸಿದ ಹಳೆಯ ಹಾಳೆಗಳನ್ನು ಅದೇ ದಿನ ಕಿತ್ತುಹಾಕಬೇಕು. ಪುಸ್ತಕ ಹೊಸದಾಗಿದ್ದರೂ ಹುಡುಗರು ಟೈಪ್ ಮಾಡುವುದು ಎದುರಿಗೆ ಕಂಡ ಗೋಡೆಯ ಹಾಳೆ ನೋಡಿಯೇ.